ಕೂಸು ಎರೆಯುವ ಪ್ಲಾಸ್ಟಿಕ್ ಕಾಲು

ಮಿಶ್ರಿಕೋಟಿಯ ಸಂಗನಬಸವ ತನ್ನನ್ನು ತಾನು ಸಂಶೋಧಕ ಎಂದು ಕರೆದುಕೊಳ್ಳುತ್ತಾನೆ. ಊರವರು ಕರೆಯುವುದು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ನಳ-ಪೈಪಿನ ಅಂಗಡಿ ಅವನದು. ಅಂಗಡಿಯಲ್ಲಿ ಹೆಂಡತಿ ರೋಹಿಣಿ ಕೂತು ಗಿರಾಕಿ ನೋಡುತ್ತಾಳೆ, ಇವನು ಹಿಂದಿನ ಖೋಲಿಯಲ್ಲಿ ಜಗತ್ತಿನ ಕೂಸುಗಳನ್ನೆಲ್ಲ ಉದ್ಧಾರ ಮಾಡುತ್ತಿರುತ್ತಾನೆ. ಹಾಲು ಮುಗಿದ ಕೂಡಲೇ ಗಂಟೆ ಬಾರಿಸುವ ಬಾಟಲಿ ಮಾಡಿದ. ಕುಡಿಯುತ್ತಲೇ ನಿದ್ದೆ ಹೋಗಿದ್ದ ಕೂಸು ಗಂಟೆಗೆ ಚಿಟ್ಟನೆ ಚೀರಿ ಎದ್ದಿತು. ಉಗುರು ತೆಗೆಯುವ ಕತ್ತರಿಗೆ ಕನ್ನಡಿ ಕೂಡಿಸಿದ. ಅದರಲ್ಲಿ ಅವನ ಮೋರೆ ಕಾಣುತ್ತಿತ್ತು, ಉಗುರು ಕಾಣುತ್ತಿರಲಿಲ್ಲ.

ಆಮೇಲೆ ಅವನ ಕಣ್ಣು ದೇವಕ್ಕನ ಕಾಲ ಮೇಲೆ ಬಿತ್ತು.

ದೇವಕ್ಕನಿಗೆ ಎಪ್ಪತ್ತು ದಾಟಿವೆ. ಬಾಣಂತಿಯರ ಮನೆಗೆ ಹೋಗಿ ಕೂಸಿಗೆ ನೀರು ಎರೆಯುವುದು ಅವಳ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಅವುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎರೆಯುತ್ತಾಳೆ. ಸಂಗನಬಸವನನ್ನೂ ಹಾಗೇ ಎರೆದವಳು. ಅವನು ಬಂದು ಆ ಕಾಲಿಗೆ ಟೇಪು ಹಿಡಿದ. ಎಷ್ಟು ಇಳಿಜಾರು ಇರಬೇಕು, ನಡುವೆ ಎಷ್ಟು ಸಂದು ಬಿಡಬೇಕು, ಎಲ್ಲಾ ಕೇಳಿದ. ಅವಳು ಹೇಳಿದಳು. ಅದೇ ಅಳತೆಗೆ ಪ್ಲಾಸ್ಟಿಕ್ಕಿನ ಎರಡು ಕಾಲು ಎರಕ ಹೊಯ್ಯಿಸಿ ತಂದ.

"ಇದಕ್ಕ ಪೇಟೆಂಟ್ ಸಿಕ್ರ ಬ್ಯಾರೆ ಯಾರೂ ಮಾಡಾಂಗಿಲ್ಲ ಬೇ. ದೇಶದ ತುಂಬ ನನ್ನ ಕಾಲ ಇರ್ತಾವು."

"ಅವು ನನ್ನ ಕಾಲ ಅಲ್ಲೇನ?" ಅಂದಳು ದೇವಕ್ಕ.

"ಅಳತಿ ನಿಂದು, ತಲಿ ನಂದು."

ಆ ಪೇಟೆಂಟಿಗಾಗಿ ಅವನು ಊಟ ನಿದ್ದೆ ಬಿಟ್ಟಿದ್ದ. ಹುಬ್ಬಳ್ಳಿಯ ವಕೀಲರು ಒಂದೇ ಮಾತು ಹೇಳಿ ಕಳಿಸಿದ್ದರು: ಅರ್ಜಿ ಹಾಕುವ ತನಕ ಯಾರಿಗೂ ತೋರಿಸಬೇಡಿ, ಜನರ ಕಣ್ಣಿಗೆ ಬಿದ್ದದ್ದಕ್ಕೆ ಪೇಟೆಂಟ್ ಇಲ್ಲ. ಆದರೆ ಸತ್ಕಾರ ಆಗದೆ ಒಂದು ಕೆಲಸ ಮಾಡುವ ಮನೆತನವಲ್ಲ ಅವನದು. ಬೋರು ಹೊಡೆಸಿದರೂ ಶಾಲು, ಹಲ್ಲು ಕಟ್ಟಿಸಿಕೊಂಡರೂ ಶಾಲು. ಅರ್ಜಿಗೆ ಹದಿನೈದು ದಿನ ಮೊದಲೇ ಸಮುದಾಯ ಭವನ ಹಿಡಿದು, ಪ್ಲಾಸ್ಟಿಕ್ ಕಾಲಿಗೆ ವಿಭೂತಿ ಬಳಿದು ಮಾಲೆ ಹಾಕಿ, ಅದರ ಬಾಜು ತಾನೂ ಮಾಲೆ ಹಾಕಿಸಿಕೊಂಡು ನಿಂತ. ಪೇಪರಿನವನಿಗೆ ಉದ್ದ, ಅಗಲ, ಇಳಿಜಾರು ಎಲ್ಲಾ ಬರೆಸಿದ. ಫೋಟೋ ಸಮೇತ ಅಚ್ಚಾಯಿತು. ದೇವಕ್ಕನಿಗೆ ಅಂದು ಕಟ್ಟಕಡೆಯ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು.

ಮುಂದಿನ ವರ್ಷ ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂತು. ಇದು ಹೊಸದಲ್ಲ, ಅರ್ಜಿಗೆ ಮೊದಲೇ ಪೇಪರಿನಲ್ಲಿ ಬಂದಿದೆ ಎಂದು ಬರೆದು, ಮಾಲೆ ಹಾಕಿಕೊಂಡ ಅವನ ಫೋಟೋವನ್ನೇ ಹಚ್ಚಿ ಕಳಿಸಿದ್ದರು.

ವಕೀಲರಿಗೂ ಹೇಳದೆ ಸಂಗನಬಸವ ತಾನೇ ಒಂದು ಕಾಗದ ಬರೆದುಕೊಂಡು ದೇವಕ್ಕನ ಮನೆಗೆ ಓಡಿಬಂದ.

"ಹೆಬ್ಬೆಟ್ಟು ಒತ್ತು ಬೇ. ಫೋಟೋದಾಗಿದ್ದದ್ದು ಆ ಕಾಲಲ್ಲ, ಬರೇ ಕುಂದ್ರೂ ಮಣಿ ಅಂತ ಸಾಕ್ಷಿ ಹೇಳು. ಬೇಕಾದ್ರ ಅರ್ಜಿಯಾಗ ನಿನ್ನ ಹೆಸರೂ ಸೇರಸ್ತೇನಿ."

"ಮಣಿಗೆ ಮಾಲಿ ಹಾಕಿ ಸತ್ಕಾರ ಮಾಡ್ಕೊಂಡ್ಯಾ? ಸುಳ್ಳ ಹೇಳಾಕೂ ಸ್ವಲ್ಪ ಬುದ್ಧಿ ಬೇಕು ತಮ್ಮಾ."

"ಚಾಷ್ಟಿ ಮಾಡಬ್ಯಾಡ. ನನ್ನ ಇಡೀ ಜಲ್ಮದ ಪ್ರಶ್ನಿ ಐತಿ."

"ನೀ ಇಳಿಜಾರು ಕೇಳಿದಿ, ಸಂದು ಕೇಳಿದಿ. ಕಾಲಿಗೆ ಚರ್ಮ ಯಾಕ ಐತಿ ಅಂತ ಕೇಳ್ಲಿಲ್ಲ. ನೀರು ಸುಡತಾವಂದ್ರ ಮೊದಲ ನನ್ನ ಕಾಲಿಗೆ ಗೊತ್ತಾಗತೈತಿ, ಆಮ್ಯಾಲೆ ಕೂಸಿಗೆ. ನಿನ್ನ ಪ್ಲಾಸ್ಟಿಕ್ಕಿಗೆ ಏನ ಗೊತ್ತಾಗತೈತಿ? ಅಂಥಾದ್ದಕ್ಕ ನನ್ನ ಹೆಸರು ಹಚ್ಚಬ್ಯಾಡ. ಹೆಬ್ಬೆಟ್ಟಂತೂ ಸಿಗಾಂಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಇವನು ಕಿಸೆಯಿಂದ ಪೆನ್ನು ತೆಗೆದು, ಅದೇ ಸಾಕ್ಷಿಯ ಕಾಗದದ ಬೆನ್ನಿಗೆ ಬರೆದುಕೊಳ್ಳತೊಡಗಿದ.

"ಎಷ್ಟ ಬಿಸಿ ಇದ್ರ ಗೊತ್ತಾಗತೈತಿ ಬೇ?"

ದೇವಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಂಥದ್ದನ್ನು ನಾನು ಮೂರು ತಿಂಗಳು ಎರೆದೆನಲ್ಲ ಎಂದುಕೊಂಡು, ಸೆರಗು ಕೊಡವಿ ಒಳಗೆ ಹೋದಳು.

ಆಕ್ಷೇಪಣೆಗೆ ಉತ್ತರ ಕೊಡುವ ಗಡುವು ಮುಗಿದು ಅರ್ಜಿ ಬಿದ್ದುಹೋಯಿತು. ಈಗ ಕೇಳಿದವರಿಗೆಲ್ಲ ಸಂಗನಬಸವ, ಆ ಕಚೇರಿಯಲ್ಲಿ ಕೂಸು ಹಡೆದವರು ಒಬ್ಬರೂ ಇಲ್ಲ, ಅದಕ್ಕೇ ಹಿಂಗಾತು ಎನ್ನುತ್ತಾನೆ.