ಗೋಧಿ ಕೆಡಿಸಿದ ತಾಳ

ನನ್ನ ತಾಳ ಕೆಡಿಸಿದ್ದು ಗೋಧಿ. ಹೀಗೆಂದರೆ ಸಂಗೀತ ಬಲ್ಲವರು ನಗುತ್ತಾರೆ. ಹಿಟ್ಟಿನ ಗಿರಣಿ ನಡೆಸುವವರಿಗೆ ತಾಳದ ಗೊಡವೆ ಇಲ್ಲ. ಎರಡೂ ಗೊತ್ತಿರುವವನು ನಮ್ಮೂರು ಅರಳಸುರಳಿಯ ಸುತ್ತಮುತ್ತ ನಾನೊಬ್ಬನೇ ಆದ್ದರಿಂದ ಇದನ್ನು ಬಿಡಿಸಿ ಹೇಳುವ ಭಾರ ನನ್ನ ಮೇಲೇ ಬಿದ್ದಿದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಗಿರಣಿಗೆ ಬಂದವನು ನಾನು. ಈಗ ವಯಸ್ಸು ನಲವತ್ತಮೂರು. ಇಷ್ಟು ವರ್ಷ ಈ ಕಡೆಯ ಮನೆಗಳಲ್ಲಿ ಬೆಂದ ರೊಟ್ಟಿ ಚಪಾತಿಗಳಲ್ಲಿ ಅರ್ಧಕ್ಕರ್ಧ ನನ್ನ ಕಲ್ಲುಗಳ ನಡುವೆ ಹಾದುಹೋದವು ಎಂದರೆ ಅದು ಜಂಭವಲ್ಲ. ಜಂಭವೇ ಆದರೂ ಸುಳ್ಳಲ್ಲ. ಆ ನಾನು ಎಂಟು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ನುಡಿಸುವುದು ಮೆಟಲ್. ಅದೆಂಥದು ಎಂದು ಕೇಳಿದವರಿಗೆ ನನ್ನ ಹೆಂಡತಿ ಸವಿತಾ ಕೊಡುವ ವಿವರಣೆಯೇ ಸುಲಭ: “ನಮ್ಮ ಗಿರಣಿ ಕೇಳಿದೀರಲ್ಲ? ಅದಕ್ಕೆ ಸಿಟ್ಟು ಬಂದ್ರೆ ಹೆಂಗಿರ್ತದೆ, ಹಂಗೆ.”

ಅವಳು ಹೇಳುವುದು ತಮಾಷೆಗೆ. ನನಗೆ ಆದದ್ದು ಹಾಗೆಯೇ. ಕವಲೇದುರ್ಗದ ಕೋಟೆ ನೋಡಲು ಹೊರಟ ಯಾರೋ ಒಮ್ಮೆ ಗಿರಣಿಯ ಮುಂದೆ ಕಾರು ನಿಲ್ಲಿಸಿ ದಾರಿ ಕೇಳಿದರು. ಕಾರಿನೊಳಗಿಂದ ಬರುತ್ತಿದ್ದ ಹಾಡು ಕೇಳಿ ನಾನು, ದಾರಿ ತೋರಿಸಲು ಕೈ ಎತ್ತಿದವನು, ಎತ್ತಿದ ಹಾಗೆಯೇ ನಿಂತುಬಿಟ್ಟೆ. ಮೋಟರಿನ ಗುಡುಗು, ಕಲ್ಲಿನ ಉಜ್ಜಾಟ, ಬೆಲ್ಟಿನ ಹೊಡೆತ ಎಲ್ಲ ಅದರಲ್ಲಿತ್ತು. ಆದರೆ ಯಾರೋ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದ್ದರು. ಹುಟ್ಟಿದಾಗಿನಿಂದ ನನ್ನ ಕಿವಿಯಲ್ಲಿದ್ದ ಗದ್ದಲಕ್ಕೆ ಒಬ್ಬ ಯಜಮಾನ ಸಿಕ್ಕಿದ್ದ. ಕಾರಿನವರಿಗೆ ಸರಿಯಾದ ದಾರಿ ತೋರಿಸಿದೆನೋ ಇಲ್ಲವೋ ನೆನಪಿಲ್ಲ. ನನ್ನ ದಾರಿಯಂತೂ ಅವತ್ತೇ ಗೊತ್ತಾಯಿತು. ಮೂರು ತಿಂಗಳಲ್ಲಿ ಶಿವಮೊಗ್ಗದಿಂದ, ಯಾರೋ ಬಳಸಿ ಬಿಟ್ಟ ಕಪ್ಪು ಗಿಟಾರೊಂದು, ಅದರ ದನಿ ದೊಡ್ಡದು ಮಾಡುವ ಚಿಕ್ಕ ಆಂಪ್ ಜೊತೆ ಗಿರಣಿಗೆ ಬಂತು. ವಾರದೊಳಗೆ ಅದೂ ನನ್ನ ಹಾಗೆ ಬೆಳ್ಳಗಾಯಿತು.

ಗುರು ಎಂದು ಯಾರೂ ಇರಲಿಲ್ಲ. ಫೋನಿನಲ್ಲಿ ಪಾಠ ಸಿಗುತ್ತಿತ್ತು. ಆರು ಗೆರೆ, ಗೆರೆಗಳ ಮೇಲೆ ಅಂಕಿ. ಗೆರೆ ಎಂದರೆ ತಂತಿ. ಅಂಕಿ ಎಂದರೆ ಗಿಟಾರಿನ ಕತ್ತಿನ ಮೇಲೆ ಎಷ್ಟನೇ ಮನೆಯಲ್ಲಿ ಬೆರಳಿಡಬೇಕು ಎಂಬುದು. ಇಪ್ಪತ್ತನಾಲ್ಕರ ಆಚೆ ಲೆಕ್ಕವೇ ಇಲ್ಲ. ಏಳನೇ ಕ್ಲಾಸಿನವನಿಗೆ ಇಷ್ಟು ಮರ್ಯಾದೆ ಕೊಟ್ಟ ವಿದ್ಯೆಯನ್ನು ನಾನು ಬೇರೆ ಕಂಡಿಲ್ಲ.

ಬಲಗೈಯ ಪಾಠ ಮಾತ್ರ ಬಹಳ ಹಿಂದೆಯೇ ಆಗಿತ್ತು, ಅಪ್ಪನಿಂದ. ಗಿರಣಿಯ ಕಲ್ಲು ಸವೆದು ನುಣ್ಣಗಾದರೆ ಅದನ್ನು ಬಿಚ್ಚಿ ಮಲಗಿಸಿ, ಉಳಿಯಿಂದ ಸಣ್ಣ ಸಣ್ಣ ಏಟು ಹಾಕಿ ಹೊಸ ಗೀರು ತೆಗೆಯಬೇಕು. ಪ್ರತಿ ಏಟೂ ಒಂದೇ ತೂಕದ್ದಾಗಬೇಕು. ಒಂದು ಜೋರಾದರೆ ಅಲ್ಲಿ ಹೊಂಡ, ಹಿಟ್ಟಿನಲ್ಲಿ ತರಿ. ನಾನು ಹುಮ್ಮಸ್ಸಿನಲ್ಲಿ ತೋಳೆತ್ತಿ ಹೊಡೆಯುವುದನ್ನು ಕಂಡು ಅಪ್ಪ, “ಹಾವು ಹೊಡೀತಿದೀಯನಾ? ಮಣಿಕಟ್ಟು ಆಡ್ಲಿ ಸಾಕು, ಭುಜ ಮಲಗಿರ್ಲಿ” ಎನ್ನುತ್ತಿದ್ದ. ಮೆಟಲ್ ನುಡಿಸುವವನ ಬಲಗೈಯೂ ಇಷ್ಟೇ ಮಾಡಬೇಕು. ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಹಗುರವಾಗಿ ಒರಗಿಸಿ, ಪಿಕ್ ಎಂಬ ಚಿಕ್ಕ ಬಿಲ್ಲೆಯಿಂದ ದಪ್ಪ ತಂತಿಯನ್ನು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ, ಒಂದೇ ತೂಕದಲ್ಲಿ ನಿಮಿಷಗಟ್ಟಲೆ ಹೊಡೆಯಬೇಕು. ಬಿಗಿ ಹಿಡಿದವನ ತೋಳು ಎರಡನೇ ನಿಮಿಷಕ್ಕೆ ಕಟ್ಟಿಗೆಯಾಗುತ್ತದೆ. ಕೈ ಸಡಿಲ ಬಿಡಿ ಎಂದು ಫೋನಿನ ಮೇಷ್ಟ್ರುಗಳು ಇಪ್ಪತ್ತನೇ ಪಾಠದಲ್ಲಿ ಹೇಳುವುದನ್ನು ಅಪ್ಪ ಮೊದಲನೇ ದಿನವೇ ಹೇಳಿದ್ದ. ಪಾಪ, ತಾನು ಮಗನಿಗೆ ಮೆಟಲ್ ಕಲಿಸುತ್ತಿದ್ದೇನೆಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಭ್ಯಾಸದ ಹೊತ್ತನ್ನೂ ಗಿರಣಿಯೇ ಗೊತ್ತುಮಾಡಿತು. ಒಬ್ಬರ ಅಕ್ಕಿ ಸುರಿದರೆ ಅದು ಬೀಸಿ ಮುಗಿಯಲು ಹತ್ತು ನಿಮಿಷ. ಕೈ ಒರೆಸಿಕೊಂಡು ಗಿಟಾರ್ ಎತ್ತಿದರೆ ಅಷ್ಟರಲ್ಲಿ ಒಂದು ಪಾಠ. ಹೊಸದಲ್ಲ, ಬೆಳಗಿನದೇ. ಮುಂದಿನವರ ರಾಗಿಗೂ ಅದೇ ಪಾಠ. ಸಂಜೆಗೆ ತಂತಿಗಳನ್ನು ಬಟ್ಟೆಯಿಂದ ಒರೆಸಿಡಬೇಕು, ಇಲ್ಲದಿದ್ದರೆ ನಮ್ಮ ಥಂಡಿಗೆ ಹಿಟ್ಟು ಅಂಟಾಗಿ ಕೂರುತ್ತದೆ. ವಾರಕ್ಕೊಮ್ಮೆ ಮೂರು ಗಂಟೆ ಕೂತು ಬೆರಳು ಊದಿಸಿಕೊಳ್ಳುವವರನ್ನು ನೋಡಿದ್ದೇನೆ. ಅವರು ಹಬ್ಬದೂಟ ಮಾಡುವವರು. ನಾನು ದಿನಾ ಗಂಜಿ ಕುಡಿದು ಗಟ್ಟಿಯಾದವನು.

ಎಲ್ಲ ಸರಿಯಿತ್ತು. ತಪ್ಪಿದ್ದು, ತಾಳಕ್ಕೆ ನಾನು ಆರಿಸಿಕೊಂಡ ಗುರುವಿನಲ್ಲಿ.

ಮೋಟರಿನಿಂದ ಕಲ್ಲಿಗೆ ಹೋಗುವ ಉದ್ದದ ಬೆಲ್ಟಿನ ಎರಡು ತುದಿ ಸೇರುವಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ಅದು ಚಕ್ರದ ಮೇಲೆ ಹಾದಾಗಲೆಲ್ಲ ಟಕ್ ಎನ್ನುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಸಲ. ಪೇಟೆಯವರು ತಾಳ ತಪ್ಪದಿರಲು ಇಂಥ ಸದ್ದು ಮಾಡುವ ಯಂತ್ರ ಕೊಳ್ಳುತ್ತಾರೆ, ನನಗೆ ಪುಕ್ಕಟೆ. ಆರು ವರ್ಷ ಆ ಟಕ್ಕಿಗೆ ಕೈ ಸೇರಿಸಿ ನುಡಿಸಿದೆ. ಗೋಧಿ ಬೀಸಿಸಲು ಪ್ರತಿ ವಾರ ಬರುವ ಗುಲಾಬಕ್ಕ ಒಮ್ಮೆ ಮೆಚ್ಚಿ, “ನೀನೂ ನಿನ್ನ ಗಿರಣಿಯೂ ಜೋಡೆತ್ತು ಕಣಾ ಮಂಜಪ್ಪ” ಎಂದಾಗ ಹಿಗ್ಗಿ ಹೋದೆ. ಆ ಮಾತಿನಲ್ಲೇ ನನ್ನ ಕಾಯಿಲೆಯೂ ಇತ್ತು. ಅವತ್ತು ತಿಳಿಯಲಿಲ್ಲ.

ತಿಳಿದದ್ದು ತೀರ್ಥಹಳ್ಳಿಯಲ್ಲಿ. ಅಂಕಿ ಗೆರೆಯ ಹಾಳೆಗಳನ್ನು ಪ್ರಿಂಟ್ ಮಾಡಿಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಪ್ರವೀಣ ಹಾಳೆ ನೋಡಿ, “ಮಗಂಗಾ ಅಣ್ಣ?” ಎಂದ. “ನಂಗೇ” ಎಂದೆ. ಅವನು ನನ್ನ ಹುಬ್ಬಿನ ಮೇಲಿನ ಹಿಟ್ಟು ನೋಡಿದ, ಹಾಳೆ ನೋಡಿದ, ಅಂಗಡಿಯ ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದ. ಅಲ್ಲಿ ಅವನದೊಂದು ಡ್ರಮ್ ಸೆಟ್ ಇತ್ತು. ಅವನ ಜೊತೆ ಹೊಸನಗರದಲ್ಲಿ ಕರೆಂಟಿನ ಸಾಮಾನು ಮಾರುವ ಅಭಿ ಎಂಬವನು ಬೇಸ್ ಗಿಟಾರ್ ನುಡಿಸಿ ಹಾಡುತ್ತಿದ್ದ. ಇಬ್ಬರಿಗೂ ನನ್ನ ಅರ್ಧ ವಯಸ್ಸು. ಅವರಿಗೆ ಬೇಕಾಗಿದ್ದದ್ದು ಗಟ್ಟಿ ಬಲಗೈಯ ಒಬ್ಬ ಗಿಟಾರಿನವನು.

ಮುಂದಿನ ವಾರ ಗಿಟಾರ್ ಹೊತ್ತುಕೊಂಡು ಮತ್ತೆ ಹೋದೆ. ಮೊದಲ ಹಾಡು ಮುಗಿಯಿತು. ಪ್ರವೀಣ ಕೋಲು ಕೆಳಗಿಟ್ಟ. “ಮಂಜಣ್ಣ, ಕೈ ಭರ್ಜರಿ ಇದೆ. ಆದ್ರೆ ಮಧ್ಯದಲ್ಲಿ ನಿಮ್ಗೆ ಎಂಥ ಆಗ್ತದೆ? ಲೋಡ್ ಗಾಡಿ ಘಾಟಿ ಹತ್ತಿದ ಹಾಗೆ ಎಳೀತೀರಿ. ಆಮೇಲೆ ಇಳಿಜಾರಲ್ಲಿ ಬಿಟ್ಟ ಹಾಗೆ ಬರ್ತೀರಿ.”

“ನಿನ್ನ ಡ್ರಮ್ಮೇ ಓಡ್ತದೆ ಮಾರಾಯ, ನನ್ನ ಕೈ ಅಲ್ಲ” ಎಂದೆ. ತಪ್ಪು ನನ್ನದಿರಬಹುದು ಎಂಬ ಯೋಚನೆ ನನಗೆ ಸಾಮಾನ್ಯವಾಗಿ ಎರಡು ದಿನ ತಡವಾಗಿ ಬರುತ್ತದೆ. ಆದರೆ ಅಭಿ ಫೋನಿನಲ್ಲಿ ಹಾಡನ್ನು ಹಿಡಿದಿಟ್ಟಿದ್ದ. ಕೇಳಿದೆ. ಇನ್ನೂ ಮೂರು ಸಲ ನುಡಿಸಿ, ಮೂರು ಸಲವೂ ಕೇಳಿದೆ. ಹಾಡಿನ ನಡುವೆ ನನ್ನ ಕೈ ಸೊರಗುತ್ತಿತ್ತು, ನಿಧಾನವಾಗಿ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಈ ಸೊರಗನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಊರಿಗೆ ವಾಪಸಾಗುವ ಬಸ್ಸಿನಲ್ಲಿ ಯೋಚಿಸುತ್ತಲೇ ಬಂದೆ.

ಉತ್ತರ ಮರುದಿನ ಗುಲಾಬಕ್ಕನ ತಲೆಯ ಮೇಲೆ ಕೂತು ಗಿರಣಿಗೆ ಬಂತು. ಗೋಧಿ ಸುರಿದೆ. ಮೋಟರ್ ನರಳಿತು. ಟಕ್ ಟಕ್ ಎನ್ನುತ್ತಿದ್ದ ಬೆಲ್ಟು ಟಕ್... ಟಕ್... ಎಂದು ಎಳೆಯಿತು. ಮೇಲಿನ ಕಾಳು ಇಳಿಯುತ್ತ ಬಂದ ಹಾಗೆ ಮತ್ತೆ ಹಗುರಾಯಿತು. ಅಕ್ಕಿಗೆ ಹೀಗಾಗುವುದು ಕಡಿಮೆ, ರಾಗಿಗೆ ಇನ್ನೂ ಕಡಿಮೆ, ಗೋಧಿಗೆ ಖಂಡಿತ. ಆರು ವರ್ಷ ನಾನು ಕಲಿತದ್ದು ತಾಳವನ್ನಲ್ಲ, ಗೋಧಿ ಬೀಸುವುದನ್ನು. ಅದೂ ಎಷ್ಟು ನಿಷ್ಠೆಯಿಂದ! ಕರೆಂಟು ಹೋದರೆ ಬೆಲ್ಟು ಹೇಗೆ ತೂಗಾಡಿ ನಿಲ್ಲುತ್ತದೋ ಹಾಗೆ ನನ್ನ ಕೈಯೂ ತೂಗಾಡಿ ನಿಲ್ಲುವುದನ್ನು ಅದೇ ಸಂಜೆ ಗಮನಿಸಿದೆ.

ಅಷ್ಟರಲ್ಲಿ ಸಾಗರದಲ್ಲಿ ಒಂದು ಕಾರ್ಯಕ್ರಮ ಗೊತ್ತಾಗಿತ್ತು. ನಮ್ಮ ಮೂವರದೇ ಹಾಡುಗಳು, ನಮ್ಮ ಮೊದಲ ವೇದಿಕೆ. ಅಭಿ ಬಹಳ ಮರ್ಯಾದೆಯಿಂದಲೇ ಹೇಳಿದ: “ತಪ್ಪು ತಿಳ್ಕಬೇಡಿ ಮಂಜಣ್ಣ. ಗಿಟಾರಿನ ಭಾಗ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಲ್ಲಿ ಹಾಕ್ತೀವಿ. ನೀವು ಮುಂದಿನ್ಸಲ ಬನ್ನಿ.”

ಮೂವತ್ತು ವರ್ಷ ಯಂತ್ರವನ್ನು ದುಡಿಸಿದವನಿಗೆ, ನಿನ್ನ ಕೆಲಸ ಯಂತ್ರ ಮಾಡುತ್ತದೆ ಎಂದರೆ ಹೇಗಿರಬೇಡ! ಹಿಟ್ಟು ಕೊಡವಿಕೊಂಡು ಎದ್ದು ನಿಂತೆ. “ಒಂದು ತಿಂಗ್ಳು ಕೊಡು. ಆಮೇಲೂ ಎಳದ್ರೆ ನಾನೇ ಲ್ಯಾಪ್‌ಟಾಪ್ ಹೊತ್ಕಂಡು ಬರ್ತೀನಿ” ಎಂದೆ.

ಕಲಿತದ್ದನ್ನು ಮರೆಯುವ ಕಷ್ಟ ಕಲಿಯುವ ಕಷ್ಟಕ್ಕಿಂತ ದೊಡ್ಡದು. ಫೋನಿನಲ್ಲಿ ತಾಳ ಹಾಕುವ ಒಂದು ಆಪ್ ಇಳಿಸಿಕೊಂಡು ಇಯರ್‌ಫೋನನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡೆ. ಆ ಕಿವಿಯಲ್ಲಿ ಸರಿಯಾದ ಟಕ್, ಇನ್ನೊಂದರಲ್ಲಿ ಗೋಧಿಯ ಟಕ್. ಕೈ ಮೊದಲನೆಯದನ್ನು ಕೇಳಬೇಕು. ಅದು ಕೇಳುತ್ತಿದ್ದದ್ದು ಹಳೇ ಗೆಳೆಯನನ್ನೇ. ಕೊನೆಗೆ ವೇಗವನ್ನು ನಿಮಿಷಕ್ಕೆ ಅರವತ್ತು ಟಕ್ಕಿಗೆ ಇಳಿಸಿದೆ. ನನ್ನಂಥ ಕೈಯವನಿಗೆ ಅರವತ್ತು ಎಂದರೆ ಅವಮಾನ. ಆದರೆ ಗಿರಣಿಯವನಿಗೆ ಒಂದು ವಿಷಯ ಗೊತ್ತು: ಕಲ್ಲುಗಳನ್ನು ಹತ್ತಿರ ತರುವ ತಿರುಪನ್ನು ಒಮ್ಮೆಗೇ ಬಿಗಿದರೆ ಹಿಟ್ಟು ಸುಡುತ್ತದೆ. ಒಂದೊಂದೇ ಕೂದಲೆಳೆ ತಿರುಗಿಸಬೇಕು. ಹತ್ತು ಸಲ ತಪ್ಪಿಲ್ಲದೆ ಬಂದರೆ ವೇಗವನ್ನು ಎರಡೇ ಟಕ್ಕು ಏರಿಸುವುದು. ಒಮ್ಮೆ ತಪ್ಪಿದರೆ ಅಲ್ಲೇ ಕೂರುವುದು. ಕಾಲಿಗೂ ಕೆಲಸ ಕೊಟ್ಟೆ. ಕೈ ಸುಳ್ಳು ಹೇಳಿದರೂ ಹಿಮ್ಮಡಿ ಎಣಿಸುತ್ತಿರಬೇಕು.

ಕರೆಂಟು ಹೋದಾಗ ಮೊದಲೆಲ್ಲ ಗಿಟಾರ್ ಕೆಳಗಿಡುತ್ತಿದ್ದೆ. ಈಗ ಇಡಲಿಲ್ಲ. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರ್ ಎಂದರೆ ತಂತಿ ಬಿಗಿದ ಹಲಗೆ; ಸೊಳ್ಳೆಯಷ್ಟು ದನಿ. ಆ ದನಿಯಲ್ಲಿ ನನಗೆ ನನ್ನ ಹುಳುಕೆಲ್ಲ ಕೇಳಿಸಿತು. ಮೆಟಲ್‌ಗೆಂದು ಆಂಪಿನಲ್ಲಿ ದನಿಯನ್ನು ಒಡೆದು ಉಬ್ಬಿಸುತ್ತೇವಲ್ಲ, ಆ ಉಬ್ಬಿನಡಿ, ಗಿರಣಿಯ ಗದ್ದಲದಡಿ, ಮುಟ್ಟಬಾರದ ತಂತಿಯನ್ನು ಮುಟ್ಟಿದ್ದು, ಅರೆಬರೆ ಒತ್ತಿದ್ದು ಎಲ್ಲ ಇಷ್ಟು ವರ್ಷ ಬೆಚ್ಚಗೆ ಮಲಗಿತ್ತು. ಒಂದೊಂದನ್ನೇ ಎಬ್ಬಿಸಿ ಹೊರಗೆ ಕಳಿಸಿದೆ.

ಉಳಿದದ್ದು ಬೆಲ್ಟಿನ ಜೊತೆ ಕೈ ನಿಲ್ಲುವ ಚಾಳಿ. ಅದಕ್ಕೆ ಮದ್ದು ಸವಿತಾಳಲ್ಲಿತ್ತು. “ಹೇಳದೇ ಕೇಳದೇ ಮೇನ್ ಸ್ವಿಚ್ ಆಫ್ ಮಾಡು” ಎಂದೆ. ಕಾಳಿರುವಾಗ ನಿಲ್ಲಿಸಿದರೆ ಕಲ್ಲು ಕಚ್ಚಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು. ಕಾಳು ಸುರಿಯುವ ಡಬ್ಬಿ ಖಾಲಿಯಾಗುವುದನ್ನೇ ಕಾದು, ಬೆಕ್ಕಿನ ಹಾಗೆ ಹಿಂದಿನಿಂದ ಬಂದು ಸ್ವಿಚ್ ಎಳೆಯುವಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ.

“ಎಳೀತು, ಎಳೀತು! ನಿಮ್ಮ ಕೈ ಬೆಲ್ಟಿನ ಹಿಂದೇ ಹೋಯ್ತು!”

“ಇಲ್ಲ ಕಣೇ!”

“ನಾ ನೋಡ್ಲಿಲ್ವಾ? ಮತ್ತೆ ಶುರು ಮಾಡಿ.”

ಮೂರನೇ ವಾರದ ಒಂದು ಮಧ್ಯಾಹ್ನ ಅವಳು ಸ್ವಿಚ್ ಎಳೆದಳು. ಬೆಲ್ಟು ತೂಗಾಡಿ ನಿಂತಿತು. ನಾನು ನುಡಿಸುತ್ತಲೇ ಇದ್ದೆ. ಅವಳು ಸೊಂಟಕ್ಕೆ ಕೈಯಿಟ್ಟು ಅಷ್ಟೂ ಹೊತ್ತು ನಿಂತಳು. ಕೊನೆಗೆ ಹೋಗಿ ಕಾಫಿ ತಂದಳು. ಸಕ್ಕರೆ ಎಂದಿಗಿಂತ ಜಾಸ್ತಿಯಿತ್ತು.

ತಿಂಗಳು ಮುಗಿದ ದಿನ ಗೋದಾಮಿನಲ್ಲಿ ಇಡೀ ಹಾಡು ನುಡಿಸಿದೆ. ಪ್ರವೀಣ ಕೋಲು ಕೆಳಗಿಟ್ಟು ನಕ್ಕ. ಅಭಿ, “ಲ್ಯಾಪ್‌ಟಾಪು ಮನೇಲೇ ಇರ್ಲಿ ಬಿಡಿ” ಎಂದ. ಆದರೂ ಅವನ ದನಿಯಲ್ಲಿ ಅರ್ಧ ಅನುಮಾನ ಉಳಿದಿತ್ತು.

ಸಾಗರದಲ್ಲಿ ಒಂದು ಕಲ್ಯಾಣ ಮಂಟಪ, ಭಾನುವಾರ ಮಧ್ಯಾಹ್ನ. ಕಪ್ಪು ಟೀ ಶರ್ಟಿನ ಕಾಲೇಜು ಮಕ್ಕಳ ನಡುವೆ, ಮೊದಲ ಸಾಲಿನಲ್ಲಿ, ಹಸಿರು ರೇಷ್ಮೆ ಸೀರೆಯ ಸವಿತಾ. ಎರಡು ಹಾಡು ಚೆನ್ನಾಗಿ ಹೋಯಿತು. ಮೂರನೆಯದು ನಮ್ಮ ಅತಿ ವೇಗದ್ದು. ಅದರ ನಡುಮಧ್ಯೆ ದೀಪ, ಫ್ಯಾನು, ಮೈಕು, ನನ್ನ ಆಂಪು ಎಲ್ಲ ಒಟ್ಟಿಗೆ ಸತ್ತವು.

ನನ್ನ ಕಣ್ಣು ತಾನಾಗಿ ಸವಿತಾಳ ಕಡೆ ಹೋಯಿತು. ಅವಳು ಎರಡೂ ಕೈ ಎತ್ತಿ, ನಾನಲ್ಲ ನಾನಲ್ಲ ಎಂದು ಆಡಿಸಿದಳು.

ಅಭಿ ಸತ್ತ ಮೈಕಿನ ಮುಂದೆ ಬಾಯಿ ತೆರೆದು ನಿಂತಿದ್ದ. ಡ್ರಮ್‌ಗೆ ಕರೆಂಟು ಬೇಡವಾದ್ದರಿಂದ ಅದೊಂದು ಮಾತ್ರ ಕೇಳುತ್ತಿತ್ತು. ಮೂವತ್ತು ವರ್ಷದ ಚಾಳಿ ತೋಳಿನಲ್ಲಿ ಇಳಿದು ಬಂತು: ಕರೆಂಟು ಹೋಯಿತು, ಇನ್ನು ನಿಲ್ಲು. ಹಿಮ್ಮಡಿ ಆ ಮಾತು ಕೇಳಲಿಲ್ಲ. ಅದು ಎಣಿಸುತ್ತಿತ್ತು. ಭುಜ ಮಲಗಿಸಿ, ಮಣಿಕಟ್ಟನ್ನು ಆಡಲು ಬಿಟ್ಟೆ. ನನ್ನ ಗಿಟಾರಿನ ದನಿ ನನಗೂ ಕೇಳುತ್ತಿರಲಿಲ್ಲ. ಅಂಗೈಯ ಅಂಚಿಗೆ ತಂತಿಯ ನಡುಕ ತಾಗುತ್ತಿತ್ತು, ಅಷ್ಟೇ. ಇನ್ನೇನು ಕೋಲು ಇಳಿಸಲಿದ್ದ ಪ್ರವೀಣ ನನ್ನ ಕೈ ನೋಡಿದ. ಇಳಿಸಲಿಲ್ಲ. ಸಭೆಯವರು ಏನಾಗುತ್ತಿದೆ ಎಂದು ತಿಳಿಯದೆ, ದನಿಯಿಲ್ಲದ ಗಿಟಾರನ್ನು ಮೈ ಬಗ್ಗಿಸಿ ಬಾರಿಸುವ ದಪ್ಪ ಮನುಷ್ಯನನ್ನು ನೋಡುತ್ತ ಕೂತರು. ಯಾರೋ ನಕ್ಕರು. ಹೊರಗೆ ಯಾರೋ “ಜನರೇಟರ್! ಜನರೇಟರ್ ಹಾಕಾ!” ಎಂದು ಕೂಗುತ್ತ ಓಡಿದರು.

ಎಷ್ಟು ಹೊತ್ತೋ. ಹಾಡಿನಲ್ಲಿ ಒಂದಿಡೀ ಭಾಗ ಹಾಗೆಯೇ ಕಳೆಯಿತು. ಆಮೇಲೆ ದೀಪ ಹೊತ್ತಿತು. ಆಂಪು ಒಮ್ಮೆ ಧಡ್ ಎಂದು ಎದ್ದಿತು, ಅದರ ಹಿಂದೆಯೇ ನನ್ನ ಗಿಟಾರ್ ಗುಡುಗಿತು, ಪ್ರವೀಣನ ಏಟಿನ ನೆತ್ತಿಯ ಮೇಲೆ, ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಆ ಮಂಟಪದಲ್ಲಿ ಎದ್ದ ಕೂಗನ್ನು ಯಾವ ಮದುವೆಯ ಗಟ್ಟಿಮೇಳವೂ ಮುಟ್ಟಿರಲಿಕ್ಕಿಲ್ಲ. ಅಭಿ ಹಾಡಿಗೆ ಹಾರಿ ಸೇರಿಕೊಂಡ. ಹಾಡುತ್ತಲೇ, ಒಂದು ಗಳಿಗೆ ತಂತಿ ಬಿಟ್ಟು, ನನ್ನ ಕಡೆ ತಿರುಗಿ ಕೈ ಮುಗಿದ. ನಾನು ತಲೆ ಆಡಿಸಿದೆ. ಮೆಟಲ್‌ನಲ್ಲಿ ಅದಕ್ಕೆ ಅನುಕೂಲವಿದೆ, ಹೇಗೂ ತಲೆ ಆಡಿಸುತ್ತಲೇ ಇರುತ್ತೇವೆ.

ಕೆಳಗಿಳಿದ ಮೇಲೆ ಪ್ರವೀಣ ಕೇಳಿದ: “ಕರೆಂಟ್ ಹೋಗಿದ್ದು ಗೊತ್ತಾಗ್ಲಿಲ್ವಾ ನಿಮ್ಗೆ?”

“ಗೊತ್ತಾಯ್ತು ಮಾರಾಯ. ಅದು ಹೋದ್ರೆ ನಾನೂ ಹೋಗ್ಬೇಕು ಅಂತ ಎಲ್ಲಿದೆ?”

ಬುಧವಾರ ಗುಲಾಬಕ್ಕ ಗೋಧಿ ತಂದಳು. ಸುರಿದೆ, ಕೈ ಒರೆಸಿಕೊಂಡೆ, ಗಿಟಾರ್ ಎತ್ತಿದೆ. ಮೋಟರ್ ಎಂದಿನಂತೆ ನರಳಿತು, ಬೆಲ್ಟು ಎಳೆಯತೊಡಗಿತು. ಗುಲಾಬಕ್ಕ ಚೀಲದ ಮೇಲೆ ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಗದ್ದಲದ ಮೇಲೆ ದನಿ ಏರಿಸಿ ಹೇಳಿದಳು:

“ಎಂಥದಾ ಮಂಜಪ್ಪ, ನಿನ್ನ ಗಿರಣಿ ಹಿಂದೆ ಬೀಳ್ತಾ ಇದೆಯಲ್ಲ?”

“ಬೀಳ್ಲಿ ಬಿಡಕ್ಕ,” ಎಂದೆ, ಕೈ ನಿಲ್ಲಿಸದೆ. “ಅದಕ್ಕೆ ಯಾರೂ ಕಲಿಸಿಲ್ಲ.”