ಚಳಿಗಾಲದ ಗುಡುಗಿಗೆ ಎಳೆದ ಗೆರೆ

ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್ ಬಡಾವಣೆಯಲ್ಲಿ ಐದು ಜನ ಹಂಚಿಕೊಂಡಿದ್ದ ಮನೆಯಲ್ಲಿ ನಾನು ಹಾಲಿನ ಕ್ಯಾನಿನ ಮೇಲೆ ಪೆನ್ನಿನಿಂದ ಗುರುತು ಹಾಕಿಡುತ್ತಿದ್ದೆ. ಯಾರೂ ನನ್ನ ಹಾಲು ಮುಟ್ಟುತ್ತಿರಲಿಲ್ಲ. ಆದರೂ ಬೆಳಿಗ್ಗೆ ಗುರುತು ನೋಡದೆ ಚಹಾಕ್ಕೆ ಇಟ್ಟವಳಲ್ಲ. ನನ್ನ ಸ್ವಭಾವವೇ ಅದು. ಮುಂದೆ ಹೇಳಲಿರುವುದೆಲ್ಲ ಇದರಿಂದಲೇ ಆದದ್ದು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಆಗ ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹವಾಮಾನದ ಎಂಎಸ್ಸಿ ಓದುತ್ತಿದ್ದೆ. ಜೊತೆಗೆ, ಬೇರೆ ಬೇರೆ ದೇಶಗಳ ಆಸಕ್ತರು ಸೇರಿ ಬಿಡುವಿನಲ್ಲಿ ನಡೆಸುತ್ತಿದ್ದ ಒಂದು ಗುಂಪಿಗೂ ಸೇರಿಕೊಂಡೆ. ಪೋರ್ಚುಗಲ್‌ನಿಂದ ಉಕ್ರೇನಿನವರೆಗೆ ಇಡೀ ಖಂಡದಲ್ಲಿ ನಾಳೆ ಎಲ್ಲಿ ಜೋರು ಗುಡುಗು ಗಾಳಿ ಎದ್ದೀತು ಎಂದು ದಿನಕ್ಕೊಬ್ಬರು ನಕ್ಷೆ ಬರೆಯಬೇಕು. ಅಪಾಯವಿರುವ ಜಾಗದ ಸುತ್ತ ಗೆರೆ ಎಳೆದು, ಕೆಳಗೆ ಕಾರಣ ಬರೆಯಬೇಕು. ಹೊಸಬರ ನಕ್ಷೆಯನ್ನು ಹಿರಿಯರೊಬ್ಬರು ತಿದ್ದಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗುವುದು. ಇನ್ನು ಇವಳೊಬ್ಬಳೇ ಬರೆಯಬಹುದು ಎಂದು ಆ ಹಿರಿಯರು ಗುಂಪಿನ ಮುಖ್ಯಸ್ಥರಿಗೆ ಬರೆದು ತಿಳಿಸಿದರೆ ಮಾತ್ರ ಸ್ವಂತ ಸರದಿ. ಆ ಚಳಿಗಾಲದಲ್ಲಿ ನನಗೆ ಬೇಕಿದ್ದದ್ದು ಆ ಒಂದು ಸಾಲು. ಓದಿಗಿಂತ ಹೆಚ್ಚಾಗಿ ಬೇಕಿತ್ತು.

ನನಗೆ ಗೊತ್ತುಮಾಡಿದ ಹಿರಿಯರು ಹುಬ್ಬಳ್ಳಿ ಕಡೆಯವರು. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ಐಟಿ ಕೆಲಸ, ಹೆಂಡತಿ, ಒಬ್ಬಳು ಮಗಳು. ನಮ್ಮ ಭಾಷೆಯವರೇ ಸಿಕ್ಕರು ಎಂದು ಮೊದಲು ಹಿಗ್ಗಿದೆ. ನನ್ನ ಜೊತೆಗೇ ಸೇರಿದ ಇಟಲಿಯ ಹುಡುಗಿಗೆ ಬೇಗನೆ ಸ್ವಂತ ಸರದಿ ಸಿಕ್ಕಿ, ನನ್ನ ನಕ್ಷೆಗೆ ಮಾತ್ರ ಪ್ರತಿ ಸಲವೂ ಕತ್ತರಿ ಬೀಳತೊಡಗಿದಾಗ ಆ ಹಿಗ್ಗು ಇಳಿಯಿತು.

"ಇಷ್ಟು ದೊಡ್ಡದಾಗಿ ಯಾಕೆ ಎಳೆದಿದ್ದೀರಿ? ಕಾರಣ ಹೇಳಿ," ಎಂದು ಫೋನಿನಲ್ಲಿ ಕೇಳುತ್ತಿದ್ದರು.

"ಗಾಳಿ ಇದೆಯಲ್ಲ ಸರ್."

"ಗಾಳಿ ಯುರೋಪ್ ತುಂಬಾ ಇದೆ. ಅಳಿಸ್ತೀನಿ."

ಕರಾವಳಿಯಲ್ಲಿ ಬೆಳೆದ ನನಗೆ ಗುಡುಗೆಂದರೆ ಸೆಖೆ. ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಬೆವರು, ಸಂಜೆ ಮೋಡ, ಆಮೇಲೆ ಸಿಡಿಲು. ಇಲ್ಲಿನ ಚಳಿಗಾಲದ ಗುಡುಗು ಹಾಗಲ್ಲ. ನೆಲದಲ್ಲಿ ಬಿಸಿಯೇ ಇರುವುದಿಲ್ಲ, ಮೋಡಕ್ಕೆ ಎತ್ತರವಿರುವುದಿಲ್ಲ, ಮಿಂಚು ಒಂದೋ ಎರಡೋ. ಆದರೆ ಮೇಲೆ ಓಡುವ ಗಾಳಿಯನ್ನು ಆ ಗಿಡ್ಡ ಮೋಡದ ಸಾಲು ನೆಲಕ್ಕೆ ಎಳೆದು ತಂದು, ಕಾಲು ಗಂಟೆಯಲ್ಲಿ ಹೆಂಚು ಹಾರಿಸಿ ಹೋಗುತ್ತದೆ. ಬೇಸಿಗೆಯ ಅಂಕಿಗಳನ್ನು ನೋಡಿ ರೂಢಿಯಾದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇದು ತಿಳಿದ ಮೇಲೆ ನನಗೆ ಎಲ್ಲೆಲ್ಲೂ ಗಾಳಿಯೇ ಕಾಣತೊಡಗಿತ್ತು. ಗೆರೆಗಳು ದೊಡ್ಡದಾಗುತ್ತಿದ್ದದ್ದು ನಿಜ.

ಆದರೆ ಅಂದು ಹಾಗೆ ಯೋಚಿಸಲಿಲ್ಲ. ಈ ಮನುಷ್ಯನಿಗೆ ಇನ್ನೊಬ್ಬ ಕನ್ನಡದವಳು ತನ್ನ ಸಮಕ್ಕೆ ಬರುವುದು ಬೇಡವಾಗಿದೆ ಎಂದು ತೀರ್ಮಾನಿಸಿದೆ. ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ತೆರೆದು, ನಾನು ಎಳೆದದ್ದು, ಅವರು ಅಳಿಸಿದ್ದು, ಮರುದಿನ ನಿಜವಾಗಿ ಆದದ್ದು ಎಲ್ಲವನ್ನೂ ಕೂಡಿಡತೊಡಗಿದೆ. ಅವರು ತಪ್ಪಿದ್ದು ಎರಡು ಸಲ. ಆ ಎರಡನ್ನು ಮಾತ್ರ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ.

"ನೀನು ಮೋಡ ಕಾಯ್ತಿದೀಯೋ, ಅವರನ್ನ ಕಾಯ್ತಿದೀಯೋ?" ಎಂದು ಪಕ್ಕದ ಕೋಣೆಯ ಮೈಸೂರಿನ ಗೆಳತಿ ಕೆಣಕಿದಳು. ನನಗೆ ಮೈ ಉರಿಯಿತು.

ಜನವರಿಯ ಒಂದು ಶುಕ್ರವಾರ ಸಂಜೆ ನನ್ನ ಸರದಿ. ಐರ್ಲೆಂಡ್ ಕಡೆಯಿಂದ ತಣ್ಣನೆಯ ಗಾಳಿಯ ಅಲೆಯೊಂದು ಶನಿವಾರ ಮಧ್ಯಾಹ್ನದ ಹೊತ್ತಿಗೆ ಮ್ಯಾಂಚೆಸ್ಟರ್, ಹಡರ್ಸ್‌ಫೀಲ್ಡ್, ಲೀಡ್ಸ್ ದಾಟುವುದಿತ್ತು. ಬಿಸಿಯ ಅಂಕಿ ಇದ್ದೂ ಇಲ್ಲದ ಹಾಗೆ. ಆದರೆ ಮೇಲಿನ ಗಾಳಿ ಜೋರು, ಕಂಪ್ಯೂಟರಿನ ಮುನ್ಸೂಚನೆಯಲ್ಲಿ ಮಳೆ ದಾರದಷ್ಟು ಸಣ್ಣ ಸಾಲಾಗಿ ಕಟ್ಟುತ್ತಿತ್ತು. ಇದು ಅದೇ ಗಿಡ್ಡ ಮೋಡದ ಸಾಲು ಎಂದು ನನಗೆ ಗೊತ್ತಾಯಿತು. ಮೂರೂ ಊರು ಸೇರಿಸಿ ಗೆರೆ ಎಳೆದೆ, ಕಾರಣವನ್ನೂ ಬರೆದೆ.

ಕಳಿಸುವ ಮೊದಲು ಅವರ ದನಿ ಕಿವಿಯಲ್ಲಿ ಕೇಳಿಸಿತು. ಹೇಗೂ ಅಳಿಸುತ್ತಾರೆ. ಇನ್ನೊಂದು ತಪ್ಪು ಸಿಕ್ಕಿತೆಂದು ನನ್ನ ಸ್ವಂತ ಸರದಿಯನ್ನು ಬೇಸಿಗೆಗೆ ತಳ್ಳುತ್ತಾರೆ. ಆ ಅವಕಾಶ ಕೊಡಬಾರದೆಂದು ಗೆರೆಯನ್ನು ನಾನೇ ಅಳಿಸಿದೆ. ಅಲ್ಲಲ್ಲಿ ಸಣ್ಣ ಗುಡುಗು ಎಂದಷ್ಟೇ ಬರೆದು ಕಳಿಸಿದೆ.

ಎರಡೇ ನಿಮಿಷದಲ್ಲಿ ಒಪ್ಪಿಗೆ ಬಂತು. ಯಾವಾಗಲೂ ಗಂಟೆಗಟ್ಟಲೆ ಕೂತು ಕೊಂಕು ತೆಗೆಯುವವರು ಎರಡೇ ನಿಮಿಷದಲ್ಲಿ! ಅದಕ್ಕೂ ಅನುಮಾನಪಟ್ಟೆ.

ಮರುದಿನ ಮಧ್ಯಾಹ್ನ ನಮ್ಮ ಬೀದಿಯಲ್ಲೇ ಕಸದ ಬಿನ್‌ಗಳು ಉರುಳಾಡಿದವು. ಉತ್ತರದಿಂದ ಒಂದರ ಹಿಂದೊಂದು ಸುದ್ದಿ ಬಂತು: ಹಡರ್ಸ್‌ಫೀಲ್ಡ್‌ನಲ್ಲಿ ಮರಗಳು ಬಿದ್ದವು, ಲೀಡ್ಸ್‌ನಲ್ಲಿ ಹೆಂಚು ಹಾರಿತು. ನನಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ಗೆರೆ ಇಲ್ಲದ್ದು ಅವರಿಗೆ ಕಂಡಿರಲೇಬೇಕು, ನಾನು ಹಳ್ಳಕ್ಕೆ ಬೀಳಲಿ ಎಂದೇ ಸುಮ್ಮನೆ ಬಿಟ್ಟರು ಎಂದುಕೊಂಡೆ. ಇವತ್ತು ಮುಖ ಮೂತಿ ನೋಡದೆ ಕೇಳಿಯೇ ಬಿಡುತ್ತೇನೆಂದು ಫೋನ್ ಮಾಡಿದೆ.

ಎತ್ತಿದವಳು ಮಗಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ, ಅಮ್ಮನಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದೇವೆ, ಅಪ್ಪನಿಗೆ ಕೊಡುತ್ತೇನೆ ಎಂದಳು.

"ಹಡರ್ಸ್‌ಫೀಲ್ಡ್‌ನ್ಯಾಗ ಮಗಳ ಫುಟ್‌ಬಾಲ್ ಮ್ಯಾಚ್ ಇತ್ತವಾ," ಎಂದರು ಅವರು. ಅಲ್ಲಿಯವರೆಗೆ ನನ್ನೊಡನೆ ಅವರು ಹುಬ್ಬಳ್ಳಿ ಮಾತು ಆಡಿದ್ದೇ ಇಲ್ಲ. "ಚಾ ಕುಡಿಯಾಕ ಟೆಂಟ್ ಹಾಕಿದ್ರು. ಅದರ ಕಂಬ ಕಿತ್ತು ನನ್ನ ಹೇಂತಿ ಕೈಮ್ಯಾಲೆ ಬಿತ್ತು. ಮಣಿಕಟ್ಟು ಮುರದೈತಿ. ಗಾಳಿ ಬಾಳ ಐತಿ, ಹೋಗೂದು ಬ್ಯಾಡ ಅಂತ ಮುಂಜಾನೆ ಇಕಿ ಅಂದಿದ್ಲು. ನಾನಽ ನಿನ್ನ ನಕ್ಷೆ ತೋರಿಸಿ, ಏನೂ ಇಲ್ಲ ನಡಿ ಅಂದೆ."

"ನೀವು ಎರಡು ನಿಮಿಷದಲ್ಲಿ ಒಪ್ಪಿದ್ರಿ ಸರ್." ನನ್ನ ದನಿಯಲ್ಲಿ ಜೋರು ಉಳಿದಿರಲಿಲ್ಲ.

"ನಾ ನಿನ್ನೆ ಪರೀಕ್ಷೆ ಮಾಡಲೇ ಇಲ್ಲ. ಇಷ್ಟು ದಿನ ತಿದ್ದೇನಿ, ಈಗ ಕೈ ಕುದುರೈತಿ, ಇನ್ನ ಇಕಿ ಒಬ್ಬಾಕೀನಽ ಬರೀಲಿ ಅಂತ ಗುಂಪಿನ ಮುಖ್ಯಸ್ಥರಿಗೆ ನಿನ್ನೆನಽ ಬರದು ಕಳಿಸೇನಿ." ಆಮೇಲೆ ಕೇಳಿದರು, "ಆ ಗಾಳಿ ನಿನಗ ಕಾಣಲೇ ಇಲ್ಲೇನು?"

ಕಾಣಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹೊಸಬಳು, ತಪ್ಪಿತು ಎಂದುಕೊಳ್ಳುತ್ತಿದ್ದರು. ಆದರೆ ನನಗೆ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಗಿತ್ತು, ಸುಳ್ಳು ಹೊರಡಲಿಲ್ಲ.

"ಕಂಡಿತ್ತು ಸರ್. ಗೆರೆ ಎಳೆದಿದ್ದೆ. ನೀವು ಅಳಿಸ್ತೀರಿ ಅಂತ ನಾನೇ ಅಳಿಸಿದೆ."

ಅತ್ತ ಕಡೆ ಯಾರದೋ ಹೆಸರು ಕರೆಯುವುದು ಕೇಳಿಸಿತು, ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಅಳಿಸೂದಿದ್ರ ನಾ ಅಳಿಸ್ತಿದ್ದೆ," ಎಂದರು. "ಅದು ನನ್ನ ಕೆಲಸ ಇತ್ತು."

ಫೋನು ಮತ್ತೆ ಮಗಳ ಕೈಗೆ ಹೋಯಿತು. ಅಪ್ಪ ಅಮ್ಮನ ಹತ್ತಿರ ಹೋದರು, ಇನ್ನೇನಾದರೂ ಹೇಳುವುದಿತ್ತೇ ಎಂದು ಅವಳು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು. ಏನೂ ಇಲ್ಲ ಎಂದೆ.