ಗಾಡಿಯಡಿಯ ಗಿಡ್ಡಯ್ಯನಿಗೆ ಬಂದ ಅಪವಾದ

ಅರಸೀಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಟೇಷನ್ ಕಡೆಯಿಂದ ಗೂಡ್ಸ್ ರೈಲಿನ ಸದ್ದು ಬರುತ್ತಿದೆ. ಹುಳಿಯಾರು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಬಿಳಿಯ ಕ್ಯಾರವಾನ್ ಒಂದು ಜಾಕಿಯ ಮೇಲೆ ನಿಂತಿದೆ. ಪ್ರವಾಸಿಗರು ಊರೂರು ಸುತ್ತುತ್ತಾ ಅದರಲ್ಲೇ ಉಂಡು ಮಲಗುವ ಗಾಡಿ ಅದು. ಒಳಗೆ ಮಂಚ, ಅಡುಗೆಕಟ್ಟೆ, ಪುಟ್ಟ ಬಚ್ಚಲು. ಹೊರಮೈ ತುಂಬಾ ಶಿಲಾಬಾಲಿಕೆಯರ ಚಿತ್ರ. ಅಡಿಯಿಂದ ಎರಡು ಕಾಲು ಮಾತ್ರ ಆಚೆ ಚಾಚಿಕೊಂಡಿವೆ. ಗಿಡ್ಡಯ್ಯ ಗೋಣಿಚೀಲದ ಮೇಲೆ ಅಂಗಾತ ಮಲಗಿ ವೈರ್ ಬ್ರಷ್ಷಿನಲ್ಲಿ ಚಾಸಿ, ಅಂದರೆ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟು, ಉಜ್ಜುತ್ತಿದ್ದಾರೆ. ತುಕ್ಕಿನ ಕೆಂಪು ಪುಡಿ ಅವರ ಹುಬ್ಬು ಮೀಸೆಗಳ ಮೇಲೆಲ್ಲ ಉದುರುತ್ತಿದೆ.

"ಕಣ್ಣು ಮುಚ್ಕಂಡೇ ಉಜ್ಜೋದು ಸಾ. ಬಿಟ್ರೆ ಎಲ್ಲಾ ಕಣ್ಣಿಗೇ ಬೀಳ್ತೈತೆ," ಎಂಬ ಮಾತು ಗಾಡಿಯ ಅಡಿಯಿಂದಲೇ ಬರುತ್ತದೆ.

ಕನ್ನಡಕ ಇದೆ. ಅದರ ಒಂದು ಗಾಜು ಬಿರುಕು ಬಿಟ್ಟು ವರ್ಷವಾಯಿತು. ವೆಲ್ಡಿಂಗಿನ ಕಿಡಿ ಬಿದ್ದು ಅಂಗಿಯೆಲ್ಲ ತೂತು, ಅಂಗಿಯೊಳಗಿನ ಎದೆಯ ಮೇಲೆ ಸುಟ್ಟ ಕಲೆಗಳು. ಕಣಕಟ್ಟೆ ಹತ್ತಿರದ ಹಳ್ಳಿಯಿಂದ ತೆಂಗಿನಕಾಯಿ ಲಾರಿಗೆ ಕ್ಲೀನರ್ ಆಗಿ ಬಂದವರು ಲಾರಿಯ ಅಡಿಯಲ್ಲಿ ಗ್ರೀಸ್ ಹಚ್ಚುತ್ತಲೇ ಈ ಕೆಲಸ ಕಲಿತರು. ತಲೆ ನರೆತರೂ ಅಡಿಯಿಂದ ಮೇಲೆದ್ದಿಲ್ಲ. ಮೇಲೆ ಬಣ್ಣ ಹೊಡೆಯುವವನ ಕೆಲಸವನ್ನು ನಾಲ್ಕು ಜನ ಹೊಗಳುತ್ತಾರೆ. ಇವರ ಕೆಲಸ ನೋಡಬೇಕಾದರೆ ನೆಲಕ್ಕೆ ಬೆನ್ನು ಕೊಡಬೇಕು. ಇಸ್ತ್ರಿ ಅಂಗಿಯ ಮಾಲೀಕರಿಗೆ ಅದೆಲ್ಲಿ ಸಾಧ್ಯ?

ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದರೆ ಅರ್ಧ ದಿನದಲ್ಲಿ ಗಾಡಿ ಫಳಫಳ ಹೊಳೆಯುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಎಷ್ಟೋ ಕಡೆ ನಡೆಯುವುದೇ ಹಾಗೆ. ಗಿಡ್ಡಯ್ಯ ಹಾಗೆ ಮಾಡುವುದಿಲ್ಲ. ಒಳ್ಳೆಯ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಹೊಸ ಪಟ್ಟಿ ಕೂರಿಸಿ, ವೆಲ್ಡಿಂಗ್ ಮಾಡುತ್ತಾರೆ. ಮಣ್ಣು ಕಟ್ಟಿಕೊಂಡ ತೂತುಗಳನ್ನು ಬಿಡಿಸಿ ನೀರು ಹರಿದುಹೋಗಲು ದಾರಿ ಮಾಡುತ್ತಾರೆ. ಆಮೇಲಿನ ಸರದಿ ಹೆಂಡತಿ ಮುತ್ತಮ್ಮನವರದು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯುವವರು ಅವರು. ಬ್ರಷ್ಷು ಹೋಗದ ಸಂದಿಗೆ ಕಡ್ಡಿಗೆ ಬಟ್ಟೆ ಸುತ್ತಿ ಬಳಿಯುತ್ತಾರೆ. ಒಂದು ಕೈ ಒಣಗುವವರೆಗೂ ಇನ್ನೊಂದು ಕೈ ಹೊಡೆಯುವುದಿಲ್ಲ, ಮಾಲೀಕರು ಎಷ್ಟೇ ಅವಸರ ಮಾಡಲಿ.

ಇಂಥ ಮನುಷ್ಯನನ್ನು ಊರಲ್ಲಿ ಕಳ್ಳ ಎಂದಿದ್ದಾರೆ.

ಈ ಕ್ಯಾರವಾನಿನ ಮಾಲೀಕ ಶರತ್ಚಂದ್ರ ಕೊಬ್ಬರಿ ವ್ಯಾಪಾರಿ. ಪ್ರವಾಸಿಗರನ್ನು ಬೇಲೂರು, ಹಳೇಬೀಡು ಸುತ್ತಿಸಲು ಗಾಡಿ ಇಟ್ಟಿದ್ದಾರೆ. ಹಿಂದಿನ ಚಕ್ರದ ಪಕ್ಕ ಒಂದೇ ಜಾಗದಲ್ಲಿ ಚಾಸಿ ಎರಡು ಸಲ ತುಕ್ಕು ತಿಂದಿತ್ತು. ಎರಡು ಸಲವೂ ಗಿಡ್ಡಯ್ಯ ಹೊಸ ಕಬ್ಬಿಣ ಹಾಕಿ ಕೊಟ್ಟಿದ್ದರು. ಹೋದ ವಾರ ಬಸ್ತಿಹಳ್ಳಿಯ ತಿರುವಿನಲ್ಲಿ ಅದೇ ಜಾಗ ಮತ್ತೆ ಮುರಿದು, ಗಾಡಿ ಒಂದು ಪಕ್ಕಕ್ಕೆ ಕುಸಿದು ಕೂತಿತು. ಒಳಗೆ ಪುಟ್ಟ ಮಕ್ಕಳಿದ್ದ ಸಂಸಾರ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಶರತ್ಚಂದ್ರ ದೇವೀರಮ್ಮನವರ ಟೀ ಅಂಗಡಿ ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ, "ಗಿಡ್ಡಯ್ಯ ಗುಜರಿ ಕಬ್ಬಿಣ ಹಾಕಿ ಹೊಸದರ ದುಡ್ಡು ಹೊಡ್ದಿದಾನೆ," ಎಂದು ಕೂಗಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆಡಿದವರಿಗೆ ಅದು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಮಾತು. ಕೇಳಿಸಿಕೊಂಡವರು ಕಣಕಟ್ಟೆಯ ಸ್ಕೂಲ್ ವ್ಯಾನನ್ನು ರಿಪೇರಿಗೆ ಇವರ ಹತ್ತಿರ ಕಳಿಸುವುದನ್ನು ನಿಲ್ಲಿಸಿದರು. ತೆಂಗಿನಕಾಯಿ ಲಾರಿಗಳು ಶೆಡ್ಡಿನ ಮುಂದೆಯೇ ಹಾದು ಬೇರೆ ಕಡೆ ಹೋಗುತ್ತಿವೆ.

ಹಾಗಾದರೆ ಹೊಸ ಕಬ್ಬಿಣ ತಿಂದಿದ್ದು ಏನು? ಒಂದು ಕೆಂಪು ಬಟ್ಟೆಯ ಗಂಟು. ಶರತ್ಚಂದ್ರರ ತಾಯಿ ಗುರುಸಿದ್ದಮ್ಮ ಪ್ರತಿ ಅಮಾವಾಸ್ಯೆಗೂ ಕಲ್ಲುಪ್ಪು, ಸ್ಫಟಿಕ, ಒಣಮೆಣಸಿನಕಾಯಿ ಸೇರಿಸಿ, ಪೂಜೆ ಮಾಡಿ, ಗಾಡಿಗೆ ದೃಷ್ಟಿಯಾಗದಿರಲೆಂದು ಡ್ರೈವರನ ಕೈಯಲ್ಲಿ ಚಾಸಿಗೆ ಕಟ್ಟಿಸುತ್ತಿದ್ದರು. ಅದರ ಮೇಲೆಯೇ ಬಚ್ಚಲ ಪೈಪು. ಪ್ರವಾಸಿಗರು ಸ್ನಾನ ಮಾಡಿದಾಗೆಲ್ಲ ನೀರು ಜಿನುಗಿ ಗಂಟು ನೆನೆದು, ಉಪ್ಪುನೀರು ಚಾಸಿಗೆ ಇಳಿಯುತ್ತಿತ್ತು.

ಇದು ಗಿಡ್ಡಯ್ಯನವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಎರಡು ಸಲವೂ ಗಂಟು ಬಿಚ್ಚಿ, ಚಪ್ಪಲಿ ತಾಗದ ಕಡೆ ಮೊಳೆಗೆ ತೂಗುಹಾಕಿ, ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು ಅದೇ ಜಾಗಕ್ಕೆ ಮತ್ತೆ ಕಟ್ಟಿದವರೂ ಇವರೇ.

"ಉಪ್ಪು ಕಬ್ಬಿಣಕ್ಕಾಗಲ್ಲ ಅಂತ ನಂಗೊತ್ತಿಲ್ವಾ? ಆದ್ರೆ ಅಮ್ಮಾರು ಪೂಜೆ ಮಾಡಿ ಕಟ್ಸಿರೋದು. ನಾನು ಬಿಚ್ಚಿ ಬಿಸಾಕಿ, ನಾಳೆ ಗಾಡಿಗೆ ಏನಾರ ಆದ್ರೆ? ಗಿಡ್ಡಯ್ಯ ಬಿಚ್ಚಿದ್ದಕ್ಕೇ ಹಿಂಗಾಯ್ತು ಅಂತಾರೆ. ಅದ್ಕೇ ಬಾಯಿ ಮುಚ್ಕಂಡೆ. ನಂದೂ ತಪ್ಪೈತೆ ಸಾ."

ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದ ಮುತ್ತಮ್ಮ ಕೈ ನಿಲ್ಲಿಸುತ್ತಾರೆ. "ಬಾಯಿ ಬಿಡ್ದೇ ಇದ್ದಿದ್ದು ತಪ್ಪು, ಒಪ್ಕಂತೀವಿ. ಅದಕ್ಕೆ ಕಳ್ಳ ಅಂತಾರಾ? ಎರಡೂ ಒಂದೇನಾ? ನೀವೇ ಹೇಳಿ!"

ಕಳ್ಳನೆಂದು ಕೂಗಿದವರೇ ಮೂರನೇ ಸಲವೂ ಗಾಡಿಯನ್ನು ಇದೇ ಶೆಡ್ಡಿಗೆ ಎಳೆತಂದಿದ್ದಾರಲ್ಲ, ಆ ಭಂಡತನಕ್ಕೆ ಏನನ್ನೋಣ? ಇಷ್ಟು ಕೆಟ್ಟ ಚಾಸಿಯನ್ನು ಮುಟ್ಟಲು ಊರಲ್ಲಿ ಬೇರೆ ಯಾರೂ ಒಪ್ಪಲಿಲ್ಲವಂತೆ.

ಈ ಸಲ ಮುತ್ತಮ್ಮ ಸುಮ್ಮನಿರಲಿಲ್ಲ. ನೇರವಾಗಿ ಗುರುಸಿದ್ದಮ್ಮನವರ ಮನೆಗೆ ಹೋಗಿ ಗಂಟಿನ ವಿಷಯ ಹೇಳಿಬಂದರು. ನಿನ್ನೆ ಆ ಹಿರಿಯರು ಮಗನನ್ನೂ ಕೂರಿಸಿಕೊಂಡು ಆಟೋದಲ್ಲಿ ಬಂದಿಳಿದರು. ಸೊಂಟ ನೋವಿದ್ದರೂ ಬಗ್ಗಿ, ಟಾರ್ಚ್ ಹಿಡಿಸಿ, ಗಂಟಿನ ಪಕ್ಕಕ್ಕೆ ಕೈ ಹಾಕಿದರು. ಕಬ್ಬಿಣ ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

"ಅಯ್ಯೋ ಶಿವನೇ! ದೃಷ್ಟಿಗೆ ಅಂತ ಕಟ್ಸಿದ್ದು ಗಾಡೀನೇ ತಿಂದಾಕೈತಲ್ಲೋ," ಎಂದವರೇ ಗಂಟನ್ನು ತಾವೇ ಬಿಚ್ಚಿ ಸೆರಗಿಗೆ ಕಟ್ಟಿಕೊಂಡರು. ಮಗನ ಕಡೆ ತಿರುಗಿ, "ಬಗ್ಗಿ ನೋಡ್ದೇನೇ ಇವನ್ನ ಕಳ್ಳ ಅಂದ್ಯೇನೋ? ನಂದು ತಪ್ಪಾಯ್ತು ಕಣಪ್ಪ ಗಿಡ್ಡಯ್ಯ," ಎಂದರು.

ಮಗ ಫೋನಿನಿಂದ ಕಣ್ಣು ಕೀಳಲಿಲ್ಲ. "ಆಯ್ತು ಬಿಡಮ್ಮ, ಯಾರಿಗ್ ಗೊತ್ತಿತ್ತು? ಗಿಡ್ಡಯ್ಯ, ಬೇಗ ಮುಗಿಸಪ್ಪ. ಶನಿವಾರ ಬೇಲೂರಿಗೆ ಜನ ಹೊರಡ್ತಾರೆ."

ಇಷ್ಟೇ! ಬೀದಿಯಲ್ಲಿ ನಿಂತು ಒಬ್ಬರ ಮಾನ ಕಳೆದವರು ಶೆಡ್ಡಿನೊಳಗೆ 'ಆಯ್ತು ಬಿಡು' ಎಂದರೆ ಮುಗಿಯಿತೆ? ತಪ್ಪಾಗಿ ಕಟ್ಟಿಸಿದ ಗಂಟನ್ನು ಎಂಬತ್ತರ ಮುದುಕಿ ಬಗ್ಗಿ ಬಿಚ್ಚಬಹುದಾದರೆ, ತಪ್ಪಾಗಿ ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಗಟ್ಟಿಮುಟ್ಟಾದ ಮಗನಿಗೇನು ಕಷ್ಟ? ಕೇಳಿದರೆ ಮೈ ಉರಿಯುತ್ತದೆ.

ಈ ಕೆಲಸ ಬೇಡ ಎನ್ನಬಹುದಿತ್ತಲ್ಲ ಎಂದರೆ ಗಿಡ್ಡಯ್ಯ ಅಡಿಯಿಂದ ತಲೆ ಆಚೆ ಹಾಕುತ್ತಾರೆ. "ಇದ್ರಾಗೆ ಮಕ್ಕಳು ಮಲಗ್ತವೆ ಸಾ. ಸಾವ್ಕಾರ್ರ ಮ್ಯಾಲಿನ ಸಿಟ್ನ ಚಾಸಿ ಮ್ಯಾಲೆ ತೀರ್ಸ್ಕಳಕಾಯ್ತದಾ?"

ಬಿಸಿಲು ಶೆಡ್ಡಿನೊಳಕ್ಕೆ ಬರುವಷ್ಟರಲ್ಲಿ ಹೊಸ ಪಟ್ಟಿ ಕೂತಿದೆ. ಬಚ್ಚಲ ಪೈಪಿಗೆ ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿ, ನೀರು ಚಾಸಿಗೆ ತಾಗದೆ ನೆಲಕ್ಕೆ ಬೀಳುವಂತೆ ಮಾಡಿದ್ದಾರೆ. ಮುತ್ತಮ್ಮ ಮೊದಲ ಕೈ ಬಣ್ಣ ಶುರು ಮಾಡುತ್ತಾರೆ. ಅಷ್ಟರಲ್ಲಿ ಶರತ್ಚಂದ್ರರ ಫೋನು. ಶನಿವಾರ ಬೆಳಗ್ಗೆ ಗಾಡಿಗೆ ಡ್ರೈವರನನ್ನು ಕಳಿಸುತ್ತಾರಂತೆ.

ಗಿಡ್ಡಯ್ಯ ಎದ್ದು ಕೂರುತ್ತಾರೆ. ಅವರ ದನಿ ಒಂದಿಷ್ಟೂ ಏರುವುದಿಲ್ಲ.

"ಡ್ರೈವರ್ ಬ್ಯಾಡ ಸಾವ್ಕಾರ್ರೇ, ನೀವೇ ಬನ್ನಿ. ಶೆಡ್ಡಿಗಲ್ಲ, ದೇವೀರಮ್ಮನ ಅಂಗಡಿ ಹತ್ರ. ಗಾಡಿ ಅಲ್ಲೇ ತಂದು ನಿಲ್ಸಿರ್ತೀನಿ. ಅವತ್ತು ನಿಮ್ ಮಾತು ಕೇಳ್ದೋರೆಲ್ಲ ಬೆಳಗ್ಗೆ ಟೀಗೆ ಅಲ್ಲೇ ಬತ್ತಾರೆ. ಗಿಡ್ಡಯ್ಯ ಕಳ್ಳ ಅಲ್ಲ ಅಂತ ಅವ್ರ ಮುಂದೆ ಒಂದ್ಮಾತು ಹೇಳಿ, ಕೀ ಈಸ್ಕಂಡೋಗಿ."